ಹಕಾರ

“ಈ ಪಾಸ್‌ವರ್ಡೂ ತಪ್ಪಂತೆ.” ಕಂಪ್ಯೂಟರ್ ರಿಪೇರಿಯವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. “ಇನ್ನೊಂದೇ ಸಲ ಬಿಡುತ್ತೆ ಮೇಡಂ. ಅದೂ ತಪ್ಪಿದ್ರೆ ಫೈಲನ್ನ ತಾನೇ ಅಳಿಸಿಹಾಕುತ್ತೆ.”

ಫೈಲಿಗೆ ಬೀಗ ಹಾಕಿದ್ದು ಅಜ್ಜನ ಕಾಲದ ಸಾಫ್ಟ್‌ವೇರು. ಮಾಡಿದ ಕಂಪನಿ ಬಾಗಿಲು ಮುಚ್ಚಿ ಯಾವ ಕಾಲವಾಯಿತೋ. ಸಹಾಯಕ್ಕೆಂದು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ಯಾರೋ ಹೂವಿನಂಗಡಿಯವಳು ಎತ್ತಿಕೊಂಡು ಬೈದಳು. ಕಾಪಿ ಮಾಡಿಟ್ಟುಕೊಳ್ಳೋಣವೆಂದರೆ ಅದಕ್ಕೂ ಬಿಡದು. ಬೆಳಗಿನಿಂದ ಜಪ್ಪಯ್ಯ ಅಂದರೂ ಜಗ್ಗಿರಲಿಲ್ಲ.

ಒಳಗಿದ್ದದ್ದು ಅಪ್ಪನ ದನಿ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪ ನಿವೃತ್ತಿಯ ಮೇಲೆ ಕಂಪ್ಯೂಟರ್ ಕಲಿತು, ಏನೇನೋ ಮಾತಾಡಿ ರೆಕಾರ್ಡ್ ಮಾಡಿ, ಯಾರೂ ಅಳಿಸದಿರಲಿ ಎಂದು ಬೀಗ ಹಾಕಿಟ್ಟಿದ್ದ. ಹೋಗುವಾಗ ಬೀಗದ ಕೈಯನ್ನೂ ಒಯ್ದ. “ಮುಖ ಕಣ್ಮುಂದೇ ಇದೆ ಕಣೇ, ದನಿ ಮಾತ್ರ ಮರೆತುಹೋಗ್ತಿದೆ” ಎಂದು ಅಮ್ಮ ಅತ್ತುಬಿಟ್ಟ ಮೇಲೆ, ಮಗಳು ಆ ಹಳೇ ಕಂಪ್ಯೂಟರ್ ಡಬ್ಬವನ್ನೂ ಅಮ್ಮನನ್ನೂ ಕಟ್ಟಿಕೊಂಡು ಈ ಅಂಗಡಿಗೆ ಬಂದಿದ್ದಳು.

ಪರದೆಯ ಮೇಲೆ ಸುಳಿವೇನೋ ಇತ್ತು: ‘ಮಗಳನ್ನು ಕರೆಯೋದು.’ ಅವಳ ಮುದ್ದಿನ ಹೆಸರು ಹಕ್ಕಿ. ಇಂಗ್ಲಿಷ್ ಅಕ್ಷರದಲ್ಲಿ ದೊಡ್ಡದು, ಚಿಕ್ಕದು, ಒಂದು ಕೆ, ಎರಡು ಕೆ, ಎಲ್ಲ ಮುಗಿದಿತ್ತು.

“ಸಾಕು ಬಿಡಿ, ಇನ್ನು ನಂಗಾಗಲ್ಲ” ಎಂದಳು ಮಗಳು. “ಹಕ್ಕಿ ಅಂತಲ್ದೆ ಬೇರೇನೂ ಕರೀತಿರ್ಲಿಲ್ಲ.”

ಮೂಲೆಯ ಸ್ಟೂಲಿನಲ್ಲಿ ತೂಕಡಿಸುತ್ತಿದ್ದ ಅಮ್ಮ ಕಣ್ಣುಬಿಟ್ಟಳು. “ಹಕ್ಕಿ ಅಂತ ಯಾವತ್ತು ಕರೆದಿದ್ರೇ? ಅವರ ಬಾಯಲ್ಲಿ ಹಕಾರ ಎಲ್ಲಿ ಬರ್ತಿತ್ತು! ಹಾಲಿಗೆ ಆಲು, ಹಾವಿಗೆ ಆವು. ನಿನ್ನ ಕರೀತಿದ್ದದ್ದು ಅಕ್ಕಿ ಅಂತ.”

ಮಗಳು ಶಾಲೆಯಲ್ಲಿ ಭಾಷೆ ಕಲಿಸುವವಳು. ಅಪ್ಪನನ್ನು ಎಷ್ಟು ತಿದ್ದಿದ್ದಳೋ! “ನಾನೇನು ಡಬ್ಬದಲ್ಲಿರೋ ಅಕ್ಕೀನಾ? ಹಕ್ಕಿ ಅನ್ನಪ್ಪ” ಎಂದರೆ, “ನಾನೂ ಅದನ್ನೇ ಅಲ್ವಾ ಅಂದದ್ದು? ಅಕ್ಕಿ!” ಎಂದು ನಗುತ್ತಿದ್ದ. ತಿದ್ದಿ ತಿದ್ದಿ ಸೋತ ಮೇಲೆ, ಅವನು ಅಕ್ಕಿ ಎಂದರೂ ಅವಳ ಕಿವಿಗೆ ಹಕ್ಕಿ ಎಂದೇ ಕೇಳತೊಡಗಿತ್ತು.

“ಇದೂ ತಪ್ಪಾದ್ರೆ ಮುಗೀತು, ನೋಡಿ” ಎಂದ ರಿಪೇರಿಯವನು.

“ಅವರ ತಪ್ಪನ್ನೇ ಹಾಕು” ಎಂದಳು ಅಮ್ಮ.

ಮಗಳು ಒಂದೊಂದೇ ಅಕ್ಷರ ಒತ್ತಿದಳು. ಅಪ್ಪ ಬರೆಯುತ್ತಿದ್ದ ಹಾಗೆ ಎಲ್ಲ ದೊಡ್ಡಕ್ಷರ, ಎರಡು ಕೆ. ಪರದೆ ಒಮ್ಮೆ ಖಾಲಿಯಾಯಿತು. ಆಮೇಲೆ ಸ್ಪೀಕರಿನಲ್ಲಿ ಗರಗರ ಸದ್ದು, ಒಂದು ಕೆಮ್ಮು. ರಿಪೇರಿಯವನು ಸದ್ದಿಲ್ಲದೆ ಎದ್ದು ಫ್ಯಾನ್ ಆರಿಸಿದ.

“ಅಲೋ… ಅಲೋ… ಕೇಳಿಸ್ತಾ?”

ಅಮ್ಮ ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡು, ಸೆರಗು ಸರಿಮಾಡಿಕೊಂಡು, ಸ್ಪೀಕರಿನ ಕಡೆ ಬಾಗಿದಳು.

“ಹೂಂ, ಕೇಳಿಸ್ತಿದೆ. ಹೇಳಿ.”