ಆರು ತಿಂಗಳಾಚೆಯ ಡಾಲರ್

ಹೆಣಿಗೆ ಯಂತ್ರದ ಹಿಡಿಯನ್ನು ಅತ್ತಿಂದಿತ್ತ ತಳ್ಳಿ ತಳ್ಳಿ ಹೆಣಿಗೆಗಾರನ ಹೆಂಡತಿಗೆ ಬಲಭುಜ ಎತ್ತಲಾಗುತ್ತಿರಲಿಲ್ಲ. ತಲೆ ಬಾಚಲೂ ಮಗಳೇ ಬೇಕು. ಕರೆಂಟಿನಲ್ಲಿ ಓಡುವ ಯಂತ್ರಕ್ಕೆ ಹೊರದೇಶಕ್ಕೆ ಆರ್ಡರ್ ಹೋಗಿತ್ತು. ಅದು ಬರುವುದು ಆರು ತಿಂಗಳಿಗೆ. ಹಣ ಕೊಡಬೇಕಾದದ್ದೂ ಆಗಲೇ, ಅದೂ ಡಾಲರಿನಲ್ಲಿ. ಅಷ್ಟರಲ್ಲಿ ಡಾಲರ್ ಏರಿಬಿಟ್ಟರೆ ಕೂಡಿಟ್ಟದ್ದು ಸಾಲದು, ಯಂತ್ರ ಕೈತಪ್ಪುತ್ತದೆ.

"ಆರು ತಿಂಗಳಾಚೆಯ ಡಾಲರಿಗೆ ಬ್ಯಾಂಕಲ್ಲಿ ಇವತ್ತೇ ದರ ನಿಗದಿ ಮಾಡ್ಕೋಬಹುದಂತೆ ಕಣ್ರೀ," ಎಂದಳು ಹೆಂಡತಿ.

"ಕೇಳ್ಕೊಂಡೇ ಬಂದೆ. ಇವತ್ತಿನ ದರಕ್ಕಿಂತ ಜಾಸ್ತಿ ಹೇಳ್ತಾರೆ! ಡಾಲರ್ ಏರೋದು ಅವರಿಗೆ ಮೊದಲೇ ಗೊತ್ತಾ? ಇಲ್ಲಾ ನನ್ನ ಕಿವಿ ಮೇಲೆ ಹೂವಿಡ್ತಿದ್ದಾರಾ?" ಹೆಣಿಗೆಗಾರ ಉರಿದುಬಿದ್ದ. ಪಾಪ, ಆ ಸಿಟ್ಟಿನೊಳಗೆ ಇದ್ದದ್ದು ಭಯವೇ.

ನಾದಿನಿ ಬೇರೊಂದು ಬ್ಯಾಂಕಿನ ವಿದೇಶಿ ಹಣದ ವಿಭಾಗದಲ್ಲಿದ್ದಳು. ಅಕ್ಕನ ಭುಜಕ್ಕೆ ಬಿಸಿನೀರಿನ ಚೀಲ ಒತ್ತುತ್ತಿದ್ದವಳು ನಕ್ಕಳು.

"ಭಾವ, ಶಾಲೆಯವರು ಚಳಿಗಾಲದ ಸ್ವೆಟರಿಗೆ ಬೇಸಿಗೆಯಲ್ಲೇ ದರ ಕೇಳಿದ್ರಲ್ಲ, ಏನು ಮಾಡಿದ್ರಿ?"

"ಉಣ್ಣೆ ಆಗಲೇ ಕೊಂಡಿಟ್ಟೆ. ಆ ದುಡ್ಡಿನ ಬಡ್ಡಿ ಸೇರಿಸಿ ದರ ಹೇಳಿದೆ."

"ಚಳಿಗಾಲಕ್ಕೆ ಉಣ್ಣೆ ಬೆಲೆ ಏರುತ್ತೆ ಅಂತ ಗೊತ್ತಿತ್ತಾ?"

"ನಾನೇನು ಜ್ಯೋತಿಷಿಯಾ?"

"ನಾವೂ ಅಲ್ಲ! ನಿಮಗೋಸ್ಕರ ಡಾಲರನ್ನ ಇವತ್ತೇ ಕೊಂಡಿಟ್ಟ ಹಾಗೆ ಲೆಕ್ಕ ಹಾಕ್ತೀವಿ. ಆ ದುಡ್ಡಿಗೆ ಇಲ್ಲಿ ಸಿಗ್ತಿದ್ದ ಬಡ್ಡಿ ತಪ್ಪುತ್ತೆ. ಡಾಲರಿಗೆ ಅಮೆರಿಕದ ಬಡ್ಡಿ ಬರುತ್ತೆ, ಆದ್ರೆ ಈಗ ಅದು ಕಮ್ಮಿ. ಆ ವ್ಯತ್ಯಾಸ ಇವತ್ತಿನ ದರಕ್ಕೆ ಸೇರುತ್ತೆ. ಜೊತೆಗೆ ನಮ್ಮದೊಂದಿಷ್ಟು ಶುಲ್ಕ."

"ಅಲ್ಲಿಯ ಬಡ್ಡಿನೇ ಜಾಸ್ತಿ ಇದ್ದಿದ್ರೆ?"

"ಮುಂದಿನ ದರ ಇವತ್ತಿನದಕ್ಕಿಂತ ಕಮ್ಮಿ ಇರ್ತಿತ್ತು."

ಹೆಣಿಗೆಗಾರ ಗಲ್ಲ ಕೆರೆದುಕೊಂಡ. "ಮುಂದೆ ಡಾಲರ್ ಇಳಿದ್ರೆ ನಾನು ಪೆಚ್ಚಾಗಲ್ವಾ?"

"ಇಳಿದ್ರೂ ಒಪ್ಪಿದ ದರಾನೇ ಕೊಡಬೇಕು, ಏರಿದ್ರೂ ಅಷ್ಟೇ. ಎಷ್ಟು ಬೇಕು ಅಂತ ಈಗಲೇ ಗೊತ್ತಿರುತ್ತಲ್ಲ ಭಾವ."

ಹೆಂಡತಿ ಎಡಗೈಯಲ್ಲಿ ಲೋಟ ಎತ್ತಲು ಹೋಗಿ ಸೆರಗಿನ ಮೇಲೆ ನೀರು ಚೆಲ್ಲಿಕೊಂಡಳು. ಅವನು ಎದ್ದು ತಾನೇ ಲೋಟ ಹಿಡಿದ. "ನಾಳೆನೇ ಹೋಗಿ ಸಹಿ ಹಾಕ್ತೀನಿ."

"ನಾನೂ ಬರ್ತೀನಿ. ಇಲ್ಲಾಂದ್ರೆ ಮತ್ತೆ ಜಗಳ ಆಡ್ಕೊಂಡು ಬರ್ತೀರಿ," ಎಂದಳು ಹೆಂಡತಿ.

ಆರು ತಿಂಗಳ ಮೇಲೆ ಡಾಲರ್ ಏರಿತ್ತೋ ಇಳಿದಿತ್ತೋ, ಆ ಮನೆಯಲ್ಲಿ ಯಾರೂ ನೋಡಲಿಲ್ಲ. ಒಪ್ಪಿದ ದರದಲ್ಲೇ ಹಣ ಕಟ್ಟಿದರು, ಯಂತ್ರ ಬಂತು.

ಹೊರದೇಶದಿಂದ ಸರಕು ತರಿಸುವವರೇ, ಅಲ್ಲಿಗೆ ಕಳಿಸುವವರೇ, ಬ್ಯಾಂಕು ಹೇಳುವ ಮುಂದಿನ ದರವನ್ನು ಭವಿಷ್ಯವಾಣಿ ಎಂದುಕೊಳ್ಳಬೇಡಿ. ಇವತ್ತಿನ ದರ, ಎರಡು ದೇಶಗಳ ಬಡ್ಡಿಯ ಅಂತರ: ಅದರ ಬುಡ ಇಷ್ಟೇ. ಮುಂದಿನ ತಾರೀಖಿನ ಡಾಲರನ್ನು ಇವತ್ತೇ ದರ ಗೊತ್ತುಮಾಡಿ ಕೊಂಡು ಮಾರುವ ಫ್ಯೂಚರ್ಸ್ ಪೇಟೆಯ ದರಕ್ಕೂ ಇದೇ ಬುಡ. ಲೆಕ್ಕ ಬಿಡಿಸಿ ಹೇಳಿ ಎಂದು ಧೈರ್ಯವಾಗಿ ಕೇಳಿ, ಶುಲ್ಕ ಎಷ್ಟೆಂದು ತಿಳಿಯಿರಿ, ಆಮೇಲೆ ಸಹಿ ಹಾಕಿ. ಹೆಣಿಗೆಗಾರನ ಹೆಂಡತಿ ಈಗ ತನ್ನ ತಲೆ ತಾನೇ ಬಾಚಿಕೊಳ್ಳುತ್ತಾಳೆ.