ಕಿತ್ತಳೆ ಬಣ್ಣದ ಕರವಸ್ತ್ರ

ವಾಲ್ದೆಹಿಗೇರಾ ಊರಲ್ಲಿ ಮೇಯರ್ ಆದವರೇ ಗೂಳಿಕಾಳಗದ ಅಧ್ಯಕ್ಷರೂ ಆಗಬೇಕು. ಹಾಗಾಗಿ ಆ ಆಗಸ್ಟಿನ ಸಂಜೆ ಮೇಯರ್ ಕಸಿಲ್ದಾ ಅಪ್ಪಣೆಯ ಸನ್ನೆಗೆಂದು ಬಣ್ಣಬಣ್ಣದ ಕರವಸ್ತ್ರಗಳನ್ನು ಮುಂದಿಟ್ಟುಕೊಂಡು ಕಣದ ಎತ್ತರದ ಕಟ್ಟೆಯ ಮೇಲೆ ಕೂತಿದ್ದಳು. ಮಗಳು ನೂರಿಯಾ ಕಣದ ಹೆಬ್ಬಾಗಿಲ ಹೊರಗೆ 'ಹಿಂಸೆ ಸಂಸ್ಕೃತಿಯಲ್ಲ' ಎಂಬ ಫಲಕ ಹಿಡಿದು ನಿಂತಿದ್ದಳು. ತಾಯಿ ಅಧ್ಯಕ್ಷತೆಗೆ ಒಪ್ಪಿದ ದಿನದಿಂದ ಅವಳು ಮನೆಗೆ ಊಟಕ್ಕೇ ಬಂದಿರಲಿಲ್ಲ. ಇರುವವಳು ಒಬ್ಬಳೇ ಮಗಳು. ಕಸಿಲ್ದಾ ದಿನಾ ಎರಡು ತಟ್ಟೆ ಹಾಕಿ ಒಬ್ಬಳೇ ಉಣ್ಣುತ್ತಿದ್ದಳು.

ಹಾಗಂತ ಗೂಳಿಕಾಳಗ ಅವಳಿಗೆ ಬೇಡವಾಗಿತ್ತೇ? ಸುಳ್ಳು ಹೇಳಬಾರದು. ಅಪ್ಪನ ಹೆಗಲೇರಿ ನೋಡಿದ್ದ ಆಟ ಅದು. ಬ್ಯಾಂಡಿನವರು ಶುರುಹಚ್ಚಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತಿತ್ತು.

ನಾಲ್ಕನೆಯ ಗೂಳಿ ಕಾರ್ಬೊನೆರೊ ಅಂಥಿಂಥದ್ದಲ್ಲ. ಕೆಂಪು ಬಟ್ಟೆ ಬೀಸಿದಷ್ಟು ಸಲವೂ ತಲೆ ತಗ್ಗಿಸಿ ನುಗ್ಗಿತು. ಜನ ಎದ್ದುನಿಂತು, ಬಿಳಿ ಕರವಸ್ತ್ರ ಬೀಸುತ್ತಾ "ಜೀವ ಉಳಿಸಿ!" ಎಂದು ಬೊಬ್ಬೆ ಹಾಕಿದರು. ಕಾಳಗದ ಕೊನೆಗೆ ಗೂಳಿಯನ್ನು ಕೊಲ್ಲುವುದೇ ವಾಡಿಕೆ; ಅಧ್ಯಕ್ಷರು ಕಿತ್ತಳೆ ಕರವಸ್ತ್ರ ತೋರಿಸಿದರೆ ಮಾತ್ರ ಗೂಳಿ ಬಚಾವ್. ಮುಂದೆ ಹುಲ್ಲುಗಾವಲು, ಹಸುಗಳ ಸಹವಾಸ, ಸಾಯುವ ತನಕ ಆರಾಮ.

ಪಕ್ಕದಲ್ಲಿದ್ದ ಸಲಹೆಗಾರ, ಮುದುಕ ಉಬಾಲ್ದೊ, ಮೂಗು ಮುರಿದ. "ಬೇಡ ಮೇಯರಮ್ಮ. ಕುದುರೆ ಮೇಲಿನ ಈಟಿಯವನನ್ನ ಕಂಡು ಇದು ಹಿಂದೆಮುಂದೆ ನೋಡ್ತು. ಇಂಥದ್ದಕ್ಕೆಲ್ಲ ಕ್ಷಮೆ ಕೊಟ್ರೆ ಪಕ್ಕದೂರಿನೋರು ಆಡ್ಕೊಂಡು ನಗ್ತಾರೆ."

"ನಗಲಿ ಬಿಡಿ. ನಿಮಗೆ ಹೆಣ್ಣುಮಕ್ಕಳಿದಾರಾ?"

"ಇಲ್ಲ, ಮೂರೂ ಗಂಡು."

"ಅದಕ್ಕೇ ಹಾಯಾಗಿದೀರಿ!" ಎಂದವಳೇ ಕಿತ್ತಳೆ ಕರವಸ್ತ್ರವನ್ನು ಕಟ್ಟೆಯ ಅಂಚಿಗೆ ಇಳಿಬಿಟ್ಟಳು. ಕಣಕ್ಕೆ ಕಣವೇ ಹುಚ್ಚೆದ್ದು ಕುಣಿಯಿತು.

ಕೊನೆಯೆರಡು ಕಾಳಗ ಎಂದಿನಂತೆ ಮುಗಿದವು. ಕಸಿಲ್ದಾ ಹಾರಹಾಕಲು ಬಂದವರನ್ನೂ ತಪ್ಪಿಸಿಕೊಂಡು ಹೆಬ್ಬಾಗಿಲಿಗೆ ಓಡಿದಳು.

"ನೂರೀ! ಒಂದನ್ನ ಉಳಿಸ್ದೆ ಕಣೇ!"

"ಗದ್ದಲ ಕೇಳಿಸ್ತು. ಇವತ್ತು ಕಣಕ್ಕೆ ಒಟ್ಟು ಎಷ್ಟು ಗೂಳಿ ಬಿಟ್ರಿ?"

"ಆರು."

"ಮಿಕ್ಕ ಐದು ಏನು ತಪ್ಪು ಮಾಡಿದ್ವಮ್ಮ?"

ಪರಂಪರೆ, ಕಲೆ, ಊರಿನ ಮರ್ಯಾದೆ: ಪತ್ರಿಕೆಯವರಿಗೆ ಒಪ್ಪಿಸಿದ ಮಾತುಗಳೆಲ್ಲ ಕಸಿಲ್ದಾಳಿಗೆ ಬಾಯಿಪಾಠವಾಗಿದ್ದವು. ಬಿಸಿಲಿಗೆ ಬೆಂದ ಮಗಳ ಮುಖದೆದುರು ಅವನ್ನು ಒಪ್ಪಿಸಲು ನಾಚಿಕೆಯಾಯಿತು.

"ಗೊತ್ತಿಲ್ಲ ಕಣೇ," ಎಂದಳು. ಮಗಳೆದುರು ಹೀಗೆ ಒಪ್ಪಿಕೊಂಡದ್ದು ಅದೇ ಮೊದಲು.

ನೂರಿಯಾ ಫಲಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ಮನೇಲಿ ಊಟಕ್ಕೇನಿದೆ?"

"ಪಾಲಕ್ಕು, ಕಡಲೆಕಾಳು."

"ಬರ್ತೀನಿ. ಆದ್ರೆ ಉತ್ತರ ಸಿಗೋವರೆಗೂ ದಿನಾ ಇದನ್ನೇ ಕೇಳ್ತೀನಿ, ನೋಡ್ಕೋ."

"ಕೇಳು," ಎಂದಳು ಕಸಿಲ್ದಾ. "ದಿನಾ ಬಾ."