ಮೂರರಿಂದ ಮೂರೂವರೆ

ನನ್ನ ಮಗ ಯಾವ ಹೊತ್ತಿಗೆ ಹುಟ್ಟಬೇಕು ಎಂಬುದನ್ನು ನಾನೂ ನಿರ್ಧರಿಸಲಿಲ್ಲ, ಡಾಕ್ಟರೂ ನಿರ್ಧರಿಸಲಿಲ್ಲ. ಜಿಂಜು ಪೇಟೆಯ ಒಂದು ನೂಡಲ್ ಅಂಗಡಿಯಲ್ಲಿ ನಮ್ಮತ್ತೆ ಮತ್ತು ನಮ್ಮಮ್ಮ ಎದುರುಬದುರು ಕೂತು ನಿರ್ಧರಿಸಿದರು. ನಾನು ಪಕ್ಕದಲ್ಲೇ ಇದ್ದೆ. ನನ್ನ ಹೊಟ್ಟೆ ಮೇಜಿಗೆ ತಾಗುತ್ತಿತ್ತು. ಆದರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ನೂಡಲ್‌ಗೆ ಸಾಸಿವೆ ಹಾಕಲಾ ಎಂದು.

ಹೊಟ್ಟೆಯಲ್ಲಿದ್ದವನನ್ನು ಚಾಲ್‌ತೊಕ್ ಎಂದು ಕರೆಯುತ್ತಿದ್ದೆವು, ಅಂದರೆ ಅಂಟಕ್ಕಿಯ ಕಡುಬು. ಅದಕ್ಕೂ ಮುಂಚಿನ ಬಸಿರು ಹತ್ತನೇ ವಾರದಲ್ಲಿ ಹೋಗಿತ್ತು. ಇದಾದರೂ ಗಟ್ಟಿಯಾಗಿ ಅಂಟಿಕೊಂಡಿರಲಿ ಎಂದು ನಾನೇ ಆ ಹೆಸರಿಟ್ಟಿದ್ದೆ. ಮಗು ಹೆಸರಿಗೆ ತಕ್ಕಂತೆ ನಡೆದುಕೊಂಡಿತು. ನಲವತ್ತೊಂದು ವಾರ ಕಳೆದರೂ ಕದಲಲಿಲ್ಲ. ಡಾಕ್ಟರ್ ಮೆಂಗ್ ಸ್ಕ್ಯಾನ್ ನೋಡಿ, ಒಳಗೆ ನೀರು ಕಡಿಮೆಯಾಗುತ್ತಿದೆ, ಇನ್ನು ಕಾಯುವುದು ಬೇಡ, ಗುರುವಾರ ಬನ್ನಿ, ಔಷಧಿ ಕೊಟ್ಟು ನೋವು ಬರಿಸೋಣ ಎಂದರು. ಅವತ್ತಿನಿಂದ ನನಗೆ ಬೇಕಾಗಿದ್ದು ಒಂದೇ: ಅವನು ಉಸಿರಾಡುತ್ತಾ ಹೊರಗೆ ಬರಬೇಕು. ಬೆಳಿಗ್ಗೆ ಬರಲಿ, ಮಧ್ಯಾಹ್ನ ಬರಲಿ, ಬೇಕಾದರೆ ಕಾಲು ಮುಂದಿಟ್ಟುಕೊಂಡೇ ಬರಲಿ.

ಅತ್ತೆ ಮಾತ್ರ ಗುರುವಾರ ಎಂದು ಕಿವಿಗೆ ಬಿದ್ದದ್ದೇ ತಡ, ತಮ್ಮ ಜ್ಯೋತಿಷಿಯ ಹತ್ತಿರ ಓಡಿದರು. ಹೇಗೂ ಡಾಕ್ಟರೇ ಬರಿಸುವ ನೋವು ತಾನೆ, ಒಳ್ಳೆಯ ಹೊತ್ತು ನೋಡಿ ಬರಿಸಿದರೆ ಗಂಟೇನು ಹೋಗುತ್ತದೆ ಎಂಬುದು ಅವರ ವಾದ. ನಮ್ಮಲ್ಲಿ ದಿನವನ್ನು ಹನ್ನೆರಡು ಪ್ರಾಣಿಗಳಿಗೆ ಎರಡೆರಡು ಗಂಟೆಯಂತೆ ಹಂಚಿದ್ದಾರೆ; ಜ್ಯೋತಿಷಿ ಕುರಿಯ ಹೊತ್ತು ಕೊಟ್ಟ, ಅಂದರೆ ಮಧ್ಯಾಹ್ನ ಒಂದರಿಂದ ಮೂರು. ನಮ್ಮ ದೇಶದ ಗಡಿಯಾರ ಸೂರ್ಯನಿಗಿಂತ ಅರ್ಧ ಗಂಟೆ ಮುಂದೆ ಓಡುತ್ತದೆಂದು ಅವನು ಲೆಕ್ಕ ತಿದ್ದುವವನು. ಹಾಗಾಗಿ ಒಂದೂವರೆಯಿಂದ ಮೂರೂವರೆ. ಇದನ್ನು ಕೇಳಿ ನಮ್ಮಮ್ಮ ಸುಮ್ಮನಿರುತ್ತಾಳೆಯೇ? ಅವಳೂ ತನ್ನ ಜ್ಯೋತಿಷಿಯ ಹತ್ತಿರ ಹೋದಳು. ಅವನು ಕೋತಿಯ ಹೊತ್ತು ಕೊಟ್ಟ. ಅವನಿಗೆ ಸೂರ್ಯನ ಗೊಡವೆ ಇಲ್ಲ, ಗೋಡೆ ಗಡಿಯಾರವೇ ಪ್ರಮಾಣ. ಮೂರರಿಂದ ಐದು.

"ಬೀಗಿತ್ತಿಯವರೇ, ನಿಮ್ಮೋರು ಸೂರ್ಯನ್ನೇ ಲೆಕ್ಕಕ್ಕಿಟ್ಟಿಲ್ವಲ್ಲ," ಎಂದರು ಅತ್ತೆ, ನೂಡಲ್ ಎತ್ತುತ್ತಾ.

"ಸೂರ್ಯ ಏನು ಹೆರಿಗೆ ಕೋಣೆ ಒಳಗೆ ಬರ್ತಾನಾ? ಅಲ್ಲಿರೋದು ಗಡಿಯಾರ," ಎಂದಳು ಅಮ್ಮ.

ನನ್ನ ಗಂಡ ತೆಗ್ಯು ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ಪರೀಕ್ಷಿಸುವವನು. ಮೇಜಿನ ಮೇಲಿದ್ದ ಕಾಗದದ ಕರವಸ್ತ್ರದ ಮೇಲೆ ಎರಡು ಗೆರೆ ಎಳೆದ. ಎರಡೂ ಗೆರೆಗಳು ಮೂರರಿಂದ ಮೂರೂವರೆಯ ನಡುವೆ ಒಂದರ ಮೇಲೊಂದು ಬಂದವು. "ಈ ಅರ್ಧ ಗಂಟೇಲಿ ಆದ್ರೆ ಇಬ್ರಿಗೂ ಸರಿ," ಎಂದ. ಮದುವೆಯಾಗಿ ಆರು ವರ್ಷದಲ್ಲಿ ಮೊದಲ ಬಾರಿಗೆ ಇಬ್ಬರು ಅಮ್ಮಂದಿರೂ ಒಂದೇ ಸಲ ತಲೆಯಾಡಿಸಿದರು. ಅವನು ಎಷ್ಟು ಬೀಗಿದನೆಂದರೆ, ನನ್ನ ಪಾಲಿನ ಮೂಲಂಗಿ ಉಪ್ಪಿನಕಾಯಿಯನ್ನೂ ತಾನೇ ತಿಂದು ಮುಗಿಸಿದ.

ತಾಯಂದಿರ ಆನ್‌ಲೈನ್ ಗುಂಪಿನಲ್ಲಿ ನಲವತ್ತು ಜನರ ಅನುಭವ ಓದಿಕೊಂಡೇ ನಾನು ಆಸ್ಪತ್ರೆಗೆ ಹೋಗಿದ್ದೆ. ಒಬ್ಬಳು ಬರೆದಿದ್ದಳು: ಎರಡು ದಿನ ಡ್ರಿಪ್, ಗರ್ಭದ ಬಾಯಿ ತೆರೆದದ್ದು ಎರಡೇ ಸೆಂಟಿಮೀಟರ್, ಕೊನೆಗೆ ಆಪರೇಷನ್, ಎರಡೂ ಬಗೆಯ ನೋವು ನನಗೇ. ಇನ್ನೊಬ್ಬಳು: ನಾಲ್ಕೇ ಗಂಟೆಯಲ್ಲಿ ಮುಗಿಯಿತು, ಯಾರೂ ಹೆದರಬೇಡಿ. ಎರಡನೆಯವಳನ್ನು ಮಿಕ್ಕವರೆಲ್ಲ ಸೇರಿ ಬೈದಿದ್ದರು. ಓದುವಾಗ ನಾನೂ ಬೈದಿದ್ದೆ.

ಗುರುವಾರ ಬೆಳಿಗ್ಗೆ ಏಳಕ್ಕೆ ಡ್ರಿಪ್ ಹಾಕಿದರು. ಮನೆಯವರೂ ಜೊತೆಗಿರಬಹುದಾದ ಕೋಣೆ ಅದು. ಅದನ್ನು ಆರಿಸಿಕೊಂಡ ನನ್ನ ಬುದ್ಧಿಗೆ ಏನು ಹೇಳಲಿ. ಅಮ್ಮಂದಿರಿಬ್ಬರೂ ಸೋಫಾದ ಎರಡು ತುದಿ ಹಿಡಿದು ಕೂತರು. ಒಂಬತ್ತಕ್ಕೆ ನೋವು ಶುರುವಾಯಿತು. ನಾನು ಹಲ್ಲು ಕಚ್ಚಿದೆ.

"ಕೂಸೇ, ಈಗ್ಲೇ ಅವಸರ ಮಾಡ್ಬೇಡ," ಎಂದರು ಅತ್ತೆ. ಮೂವತ್ತನಾಲ್ಕು ವರ್ಷದ ನನ್ನನ್ನು ಅವರು ಕರೆಯುವುದೇ ಹಾಗೆ. "ಇನ್ನೂ ಆರು ಗಂಟೆ ಇದೆ."

"ಅವಸರ ನಾನು ಮಾಡ್ತಿಲ್ಲ ಅತ್ತೆ, ಡ್ರಿಪ್ ಮಾಡ್ತಿದೆ."

"ಹಂಗಾದ್ರೆ ಅದನ್ನೇ ಒಂಚೂರು ನಿಧಾನ ಮಾಡಿಸಪ್ಪ ತೆಗ್ಯು."

ಅವನು ಹೋಗಿ ನಿಜವಾಗಿಯೂ ನರ್ಸ್ ಬಾಂಗ್ ಅವರನ್ನು ಕೇಳಿದ. ಬಾಂಗ್ ಮೂವತ್ತು ವರ್ಷದ ಅನುಭವಸ್ಥೆ. ಅವನನ್ನು ಮೇಲಿಂದ ಕೆಳಗೆ ನೋಡಿ, "ಇದೇನು ಅನ್ನದ ಕುಕ್ಕರ್ ಅಂದ್ಕೊಂಡ್ರಾ, ಟೈಮ್ ಇಟ್ಟು ಹೋಗೋಕೆ?" ಎಂದರು. ಹನ್ನೊಂದಕ್ಕೆ ಕೈ ಹಾಕಿ ನೋಡಿ, ಒಂದೂವರೆ ಸೆಂಟಿಮೀಟರ್ ಎಂದರು. ಎರಡಕ್ಕೆ ಮತ್ತೆ ನೋಡಿದರೂ ಅಷ್ಟೇ.

ಎರಡೂಮುಕ್ಕಾಲಾಗುತ್ತಲೇ ಕೋಣೆಯ ರಾಗ ಬದಲಾಯಿತು. ಬೆಳಿಗ್ಗೆಯಿಂದ ತಡಿ ತಡಿ ಎನ್ನುತ್ತಿದ್ದವರು ಈಗ ಎದ್ದು ನಿಂತು ತಿಣುಕು ತಿಣುಕು ಎನ್ನತೊಡಗಿದರು. ಅಮ್ಮ ಬೆನ್ನು ತಿಕ್ಕಿದಳು, ಅತ್ತೆ ಕಾಲು ಒತ್ತಿದರು, ತೆಗ್ಯು ಫೋನ್ ಹಿಡಿದು ನಿಮಿಷ ಎಣಿಸಿದ. ಮೂರೂ ಇಪ್ಪತ್ತಕ್ಕೆ ಅವನು "ಹತ್ತೇ ನಿಮಿಷ ಇದೆ ಕಣೇ ಹ್ಯೆರಿಮ್" ಎಂದ. ಆ ದನಿ ಎಷ್ಟು ದೀನವಾಗಿತ್ತೆಂದರೆ, ಒಂದು ಗಳಿಗೆ ನನಗೇ ನಾಚಿಕೆಯಾಯಿತು. ಮೂರೂವರೆ ಕಳೆಯಿತು. ಮೂವರೂ ಬಸ್ಸು ತಪ್ಪಿಸಿಕೊಂಡವರಂತೆ ಕೂತುಬಿಟ್ಟರು. ಐದಕ್ಕೆ ಬಾಂಗ್ ಬಂದು ಡ್ರಿಪ್ ತೆಗೆದು, ಇವತ್ತಿಗೆ ಸಾಕು, ಊಟ ಮಾಡಿ ಮಲಗಿ, ನಾಳೆ ಮುಂದುವರಿಸೋಣ ಎಂದರು. ನೋವು ನಿಂತಿತು. ಹೆರಿಗೆಗೂ ಕಚೇರಿ ವೇಳೆ ಇರುತ್ತದೆಂದು ಆ ನಲವತ್ತು ಜನರಲ್ಲಿ ಒಬ್ಬಳೂ ಬರೆದಿರಲಿಲ್ಲ.

ಸಂಜೆ ಇಬ್ಬರು ಜ್ಯೋತಿಷಿಗಳಿಗೂ ಫೋನ್ ಹೋಯಿತು. ಶುಕ್ರವಾರವೂ ಅದೇ ಹೊತ್ತು ಆಗಬಹುದು, ಒಂದು ದರ್ಜೆ ಕಡಿಮೆ ಅಷ್ಟೇ ಎಂದರಂತೆ. "ಮೊದಲು ಮಂತ್ರಿ ಆಗೋನಿದ್ದ, ಇನ್ನೀಗ ಉಪಮಂತ್ರಿ," ಎಂದು ಅತ್ತೆ ನಿಟ್ಟುಸಿರಿಟ್ಟರು. ಅದು ನನ್ನ ತಪ್ಪು ಎಂಬಂತೆ ನನ್ನನ್ನು ನೋಡಿದರು. ನಾನು ಗೋಡೆ ಕಡೆ ತಿರುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಅವನು ಮೆಲ್ಲಗೆ ಒದ್ದ. ನಿನ್ನೆಗಿಂತ ಮೆಲ್ಲಗೆ ಎನಿಸಿತು. ಯಾರಿಗೂ ಹೇಳಲಿಲ್ಲ, ಹೇಳಿದರೆ ಅದಕ್ಕೂ ಒಂದು ಫೋನ್ ಹೋಗುತ್ತಿತ್ತು.

ಶುಕ್ರವಾರ ಆರಕ್ಕೇ ಡ್ರಿಪ್ ಹಾಕಿದರು. ಒಂಬತ್ತಕ್ಕೆ ಡಾಕ್ಟರ್ ಮೆಂಗ್ ನೀರಿನ ಚೀಲ ಒಡೆದರು. ಒಡೆದ ಮೇಲಿನ ನೋವಿನ ಮುಂದೆ ನಿನ್ನೆಯದು ಬರೀ ಕಚಗುಳಿ. ನಾಲ್ಕು ಸೆಂಟಿಮೀಟರ್ ಆಯಿತು, ಸೊಂಟದ ಕೆಳಗೆ ಮರಗಟ್ಟಿಸುವ ಸೂಜಿಯನ್ನು ಬೆನ್ನಿಗೆ ಚುಚ್ಚಿದರು, ಸ್ವಲ್ಪ ಉಸಿರಾಡುವಂತಾಯಿತು. ಹನ್ನೊಂದರ ಹೊತ್ತಿಗೆ, ಬೆಳಿಗ್ಗೆಯಿಂದ ಟಕಟಕ ಓಡುತ್ತಿದ್ದ ಮಗುವಿನ ಎದೆಬಡಿತದ ಸದ್ದು ನಿಧಾನವಾಯಿತು. ನನ್ನನ್ನು ಎಡಕ್ಕೆ ಹೊರಳಿಸಿದರು, ಬಲಕ್ಕೆ ಹೊರಳಿಸಿದರು, ಡ್ರಿಪ್ ನಿಲ್ಲಿಸಿ ಮೂಗಿಗೆ ಆಮ್ಲಜನಕ ಕೊಟ್ಟರು. ಬಡಿತ ಮೇಲೆ ಬಂತು, ಮತ್ತೆ ಇಳಿಯಿತು.

"ಆಪರೇಷನ್ ಮಾಡಿ ತೆಗೀಬೇಕು, ಈಗಲೇ," ಎಂದರು ಡಾಕ್ಟರ್ ಮೆಂಗ್. ಬಾಂಗ್ ಒಪ್ಪಿಗೆ ಪತ್ರವನ್ನು ತೆಗ್ಯುವಿನ ಮುಂದೆ ಹಿಡಿದರು. ಅವನು ಪೆನ್ನು ಹಿಡಿದು ಗಡಿಯಾರ ನೋಡಿದ. ಹನ್ನೊಂದೂ ಏಳು.

"ಇದು ಹಾವಿನ ಹೊತ್ತು," ಎಂದರು ಅತ್ತೆ. "ಒಂಬತ್ತೂವರೆಯಿಂದ ಹನ್ನೊಂದೂವರೆ ಅಂತೂ ಬೇಡ್ವೇ ಬೇಡ ಅಂದಿದ್ರು."

"ಹಾವಲ್ಲ, ಕುದುರೆ," ಎಂದಳು ಅಮ್ಮ. "ಕುದುರೆನೂ ಬೇಡ ಅಂದಿದ್ರು."

ತೆಗ್ಯು ಒಬ್ಬರಾದ ಮೇಲೆ ಒಬ್ಬರನ್ನು ನೋಡಿದ. ಅವನ ಬಾಯಿಂದ ಬಂದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಡಾಕ್ಟ್ರೇ, ಮೂರು ಗಂಟೆವರೆಗೆ ಏನಾದ್ರೂ..."

ನಾನು ಪೆನ್ನು ಕಿತ್ತುಕೊಂಡೆ. ಸೊಂಟದಿಂದ ಕೆಳಗೆ ನನ್ನದೆನ್ನುವುದು ಏನೂ ಇರಲಿಲ್ಲ, ಕೈ ಮಾತ್ರ ನನ್ನದಾಗಿತ್ತು. "ಹೊಟ್ಟೆ ನಂದು. ನಾನೇ ಹಾಕ್ತೀನಿ," ಎಂದೆ. "ಹಾವೋ ಕುದುರೆಯೋ, ಜೀವ ಇದ್ರೆ ಸಾಕು. ನೀವು ಮೂರೂ ಜನ ಆಚೆ ಹೋಗಿ." ಇನ್ನೂ ಒಂದೆರಡು ಮಾತು ಆಡಿದೆ, ಅವನ್ನು ಇಲ್ಲಿ ಬರೆಯುವುದಿಲ್ಲ. ಅತ್ತೆಯ ಮುಂದೆ ಹಾಗೆಲ್ಲ ಮಾತಾಡಿದ್ದು ಅದೇ ಮೊದಲು. ಬಾಂಗ್ ಪತ್ರವನ್ನು ನನ್ನ ಎದೆಯ ಮೇಲೆ ಒತ್ತಿ ಹಿಡಿದರು, ನಾನು ಅಡ್ಡಾದಿಡ್ಡಿ ಸಹಿ ಹಾಕಿದೆ.

ಹನ್ನೊಂದೂ ಇಪ್ಪತ್ತೊಂದಕ್ಕೆ ಅವನನ್ನು ಹೊರಗೆ ತೆಗೆದರು. ಕುತ್ತಿಗೆಗೆ ಹೊಕ್ಕುಳ ಬಳ್ಳಿ ಎರಡು ಸುತ್ತು ಬಿದ್ದಿತ್ತಂತೆ. ಮೊದಲು ಸದ್ದೇ ಇರಲಿಲ್ಲ. ಆಮೇಲೆ ಸಣ್ಣಗೆ ಕೆಮ್ಮಿದ, ಆಮೇಲೆ ಅತ್ತ. ಪರದೆಯ ಈಚೆ ನಾನೂ ಅತ್ತುಬಿಟ್ಟೆ, ಎದೆ ಬಿರಿಯುವಷ್ಟು ಖುಷಿಯಿಂದ.

ಮರುದಿನ ಮಧ್ಯಾಹ್ನ ಹೊಲಿಗೆ ನೋವಿಗೆ ಕಣ್ಣು ಮುಚ್ಚಿ ಮಲಗಿದ್ದೆ. ಅಮ್ಮ ಮೂಲೆಯಲ್ಲಿ ಬಾಣಂತಿಗೆ ಕೊಡುವ ಕಡಲಪಾಚಿಯ ಸಾರು ಆರಿಸುತ್ತಿದ್ದಳು. ನಾನು ನಿದ್ದೆಹೋಗಿದ್ದೇನೆಂದು ತಿಳಿದು ಅತ್ತೆ ಹೆಸರಿಡುವುದನ್ನು ಕೇಳಲು ಜ್ಯೋತಿಷಿಗೆ ಫೋನ್ ಮಾಡಿದರು. ಅವರಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಫೋನಿನ ಎರಡೂ ಕಡೆಯ ಮಾತು ಇಡೀ ಕೋಣೆಗೆ ಕೇಳುತ್ತಿತ್ತು.

"ಎಷ್ಟೊತ್ತಿಗೆ ಹುಟ್ತು?"

"ಮೂರೂ ಹತ್ತಕ್ಕೆ," ಎಂದರು ಅತ್ತೆ, ಒಂಚೂರೂ ಅಳುಕದೆ. ಅಮ್ಮನ ಚಮಚ ನಿಂತಿತು. ಆದರೆ ಅವಳೂ ಬಾಯಿ ಬಿಡಲಿಲ್ಲ. ಮೂರೂ ಹತ್ತು ಅವಳ ಲೆಕ್ಕಕ್ಕೂ ಕೂಡುತ್ತಿತ್ತಲ್ಲ.

"ಭೇಷ್. ತಾಯಿ ಹುಟ್ಟಿದ್ದು ಯಾವಾಗ, ಅದೂ ಬೇಕು ಹೆಸರಿಗೆ."

ಅತ್ತೆ ಹೇಳಿದರು. ವರ್ಷ, ತಿಂಗಳು, ದಿನ ಮಾತ್ರವಲ್ಲ, ನಾನು ಹುಟ್ಟಿದ ಹೊತ್ತನ್ನೂ ಹೇಳಿದರು. ಅದು ಅವರಿಗೆ ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ. ಆ ಕಡೆ ಪುಟ ಮಗುಚುವ ಸದ್ದು.

"ಹುಡುಗನ ಜಾತಕ ಬಂಗಾರ. ಆದ್ರೆ ಈ ಹೊತ್ತು ತಾಯಿಗೆ ಭಾರ. ಆಯಸ್ಸಿಗೇ ಸ್ವಲ್ಪ... ಮೊದಲು ಸೊಸೆದು ಕೊಟ್ಟಿದ್ರೆ ಬೇರೆ ಹೊತ್ತು ನೋಡ್ತಿದ್ದೆ. ನೀವು ಮಗೂದು ಮಾತ್ರ ಕೇಳಿದ್ರಿ."

ಕೇಳಿಸಿಕೊಳ್ತಿದ್ದೀರಾ ಎಂದು ಅವನು ಎರಡು ಸಲ ಕೇಳಿದ.

"ನಾನು ಸುಳ್ಳು ಹೇಳ್ದೆ," ಎಂದರು ಅತ್ತೆ. "ಹನ್ನೊಂದೂ ಇಪ್ಪತ್ತೊಂದಕ್ಕೆ ಹುಟ್ಟಿದ್ದು."

"ಅಯ್ಯೋ, ಅದಾದ್ರೆ ಹುಡುಗನಿಗೆ ಅಷ್ಟಕ್ಕಷ್ಟೇ. ಯಾವ ಹುದ್ದೆನೂ ಕಾಣಲ್ಲ."

"ತಾಯಿಗೆ?"

"ತಾಯಿಗೇನೂ ತೊಂದ್ರೆ ಇಲ್ಲ."

"ಹಂಗಾದ್ರೆ ಅದನ್ನೇ ಬರ್ಕೊಳಿ," ಎಂದರು ಅತ್ತೆ. "ಪೆನ್ನಲ್ಲಿ ಬರ್ಕೊಳಿ."